ವಾಷರ್ ಕೆಳಗಿನ ಬಣ್ಣ

ರ‍್ಯಾಕ್ ಬೇಕೇ ಬೇಕು ಎಂದು ಮೊದಲು ಹಟ ಹಿಡಿದವಳು ಅಕ್ಕ. ಭಾವ ತಮ್ಮ ಬೀದಿಯ ಎಪ್ಪತ್ತು ಮನೆಗಳಿಗೆ ಇಂಟರ್‌ನೆಟ್ ಕೊಡುತ್ತಿದ್ದರು. ಅದರ ಯಂತ್ರಗಳೆಲ್ಲ ಅವರ ಮನೆಯ ಮೆಟ್ಟಿಲ ಕೆಳಗಿನ ಸಣ್ಣ ಕೋಣೆಯಲ್ಲಿ ನೆಲದ ಮೇಲೆಯೇ ಒಂದರ ಮೇಲೊಂದು ಕೂತಿದ್ದವು. ತಳದಲ್ಲಿ, ಮುಚ್ಚಿಹೋದ ಯಾವುದೋ ಕಚೇರಿಯಿಂದ ತಂದ ಹಳೆಯ ಯುಪಿಎಸ್; ಅದರ ಮೇಲೆ ಎರಡು ಸರ್ವರ್; ಅದಕ್ಕೂ ಮೇಲೆ ಹಸಿರು ದೀಪ ಮಿಟುಕಿಸುವ ಸ್ವಿಚ್ಚುಗಳು; ಎಲ್ಲಕ್ಕಿಂತ ತುದಿಯಲ್ಲಿ ಭಾವನ ಚಹಾದ ಲೋಟ. ಗೋಡೆಯ ಆಚೆಗೆ ಬಟ್ಟೆ ಒಗೆಯುವ ಜಾಗ. ಜೋರಾಗಿ ನೀರು ಬಿಟ್ಟ ದಿನ ಅದು ಹೊಸ್ತಿಲು ದಾಟಿ ಒಳಕ್ಕೂ ಹರಿಯುತ್ತಿತ್ತು.

“ಒಂದು ದಿನ ನೀವೂ ನಿಮ್ಮ ಡಬ್ಬಗಳೂ ಒಟ್ಟಿಗೆ ತೇಲ್ಕೊಂಡು ಬೀದಿಗೆ ಹೋಗ್ತೀರ. ನಾನಂತೂ ಹಿಡಿಯೋಕೆ ಬರಲ್ಲ,” ಎಂದಳು ಅಕ್ಕ.

“ನನ್ನ ಬಿಟ್ರೂ ಪರವಾಗಿಲ್ಲ, ಡಬ್ಬಗಳನ್ನ ಹಿಡ್ಕೋ ಕಣೇ. ಎಪ್ಪತ್ತು ಮನೆಯವರು ಶಾಪ ಹಾಕ್ತಾರೆ,” ಎಂದರು ಭಾವ.

ಅಂಗಡಿಯ ರ‍್ಯಾಕ್ ಆ ಕೋಣೆಗೆ ಆಗುವಂತಿರಲಿಲ್ಲ. ಮೆಟ್ಟಿಲ ಓರೆಗೆ ಅದರ ತಲೆ ತಾಗುತ್ತಿತ್ತು. ಹಾಗಾಗಿ ಮನೆಯಲ್ಲೇ ಕಟ್ಟುವುದೆಂದಾಯಿತು. ಅಟ್ಟದ ಮೇಲೆ ಎರಡು ಹಳೆಯ ಕಬ್ಬಿಣದ ಮಂಚಗಳಿದ್ದವು. ಅವುಗಳ ಎಲ್ ಆಕಾರದ ಪಟ್ಟಿಗಳು ಗಟ್ಟಿಮುಟ್ಟಾಗಿದ್ದವು. ಭಾವ ಕೊಯ್ಯುವುದು, ನಾನು ಅಳೆದು ತೂತು ಕೊರೆಯುವುದು ಎಂದು ಕೆಲಸ ಹಂಚಿಕೊಂಡೆವು. ನಾನು ಕಾಲೇಜೊಂದರ ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ಮೇಷ್ಟ್ರು. ಅಳತೆಯ ವಿಷಯದಲ್ಲಿ ನನ್ನ ಜೊತೆ ಯಾರೂ ವಾದಕ್ಕಿಳಿಯುತ್ತಿರಲಿಲ್ಲ, ತಮಾಷೆಗಷ್ಟೇ ಇಳಿಯುತ್ತಿದ್ದರು.

ಇಂಥ ಯಂತ್ರಗಳ ಮುಖದ ಅಗಲ ಎಲ್ಲಿ ತಯಾರಾದರೂ ಹತ್ತೊಂಬತ್ತು ಇಂಚು. ಎತ್ತರದ ಲೆಕ್ಕವೂ ಗೊತ್ತುಪಡಿಸಿದ್ದೇ: ಒಂದು ಅಂತಸ್ತಿಗೆ ನಲವತ್ತನಾಲ್ಕು ಪಾಯಿಂಟ್ ನಾಲ್ಕು ಐದು ಮಿಲಿಮೀಟರ್. ನಾನು ಪ್ರತಿ ತೂತನ್ನೂ ಪಟ್ಟಿಯ ತಳದಿಂದಲೇ ಅಳೆದೆ, ಹಿಂದಿನ ತೂತಿನಿಂದ ಅಲ್ಲ. ಹಿಂದಿನದರಿಂದ ಅಳೆಯುತ್ತ ಹೋದರೆ ಸಣ್ಣ ತಪ್ಪುಗಳು ಕೂಡಿಕೊಂಡು ಕೊನೆಯ ತೂತಿನಲ್ಲಿ ಸ್ಕ್ರೂ ಒಳಗೇ ಹೋಗುವುದಿಲ್ಲ.

“ನಲವತ್ನಾಲ್ಕು ಸರಿ. ಆ ಪಾಯಿಂಟ್ ನಾಲ್ಕು ಐದನ್ನ ಏನ್ ಮಾಡೋಣ ಮಿಲಿಮೀಟರ್? ಪೊಟ್ಟಣ ಕಟ್ಟಿ ಕೊಡ್ಲಾ?” ಎಂದು ಭಾವ ಗರಗಸ ಆಡಿಸುತ್ತಲೇ ಕೇಳುತ್ತಿದ್ದರು. ನನ್ನ ಹೆಸರೇ ಮರೆತುಹೋಗುವಷ್ಟು ವರ್ಷಗಳಿಂದ ನಾನು ಅವರಿಗೆ ಮಿಲಿಮೀಟರ್.

ಅಂಗಳದ ಕುರ್ಚಿಯಲ್ಲಿ ಕೂತು ಅಪ್ಪ ಎಲ್ಲವನ್ನೂ ನೋಡುತ್ತಿದ್ದ. ಅಪ್ಪ ಬಸ್ಸಿನ ಮೈ ಕಟ್ಟುವ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಪೇಂಟರ್ ಆಗಿದ್ದವನು. ಉಸಿರಾಟದ ತೊಂದರೆ ಶುರುವಾದ ಮೇಲೆ ಕೆಲಸ ಬಿಟ್ಟು ನನ್ನ ಜೊತೆ ಇದ್ದ. ಬಣ್ಣದ ವಾಸನೆಗೆ ಹೋಗಲೇಬಾರದು ಎಂದು ಡಾಕ್ಟರು ಹೇಳಿ ನಾಲ್ಕು ವರ್ಷವಾಗಿತ್ತು. ಈ ನಾಲ್ಕು ವರ್ಷದಲ್ಲಿ ಅವನು ಏನನ್ನೂ ಮಾಡಿರಲಿಲ್ಲ. ಬೋಳು ಕಬ್ಬಿಣವನ್ನು ಅವನು ನೋಡುತ್ತಿದ್ದ ರೀತಿ, ಮೈಮೇಲೆ ಬಟ್ಟೆಯಿಲ್ಲದೆ ಬೀದಿಯಲ್ಲಿ ನಿಂತ ನೆಂಟನನ್ನು ನೋಡುವ ಹಾಗಿತ್ತು.

“ಇದನ್ನ ಹೀಗೇ ನಿಲ್ಲಿಸ್ತೀರಾ?”

“ಒಳಗಡೆ ಇರೋದಪ್ಪಾ. ಯಾರು ನೋಡ್ತಾರೆ?” ಎಂದೆ.

“ತುಕ್ಕು ನೋಡುತ್ತೆ.”

ಭಾವ ನಕ್ಕುಬಿಟ್ಟರು. “ಮಾವ ಹೇಳಿದ್ದು ಸರಿ ಮಿಲಿಮೀಟರ್. ತುಕ್ಕಿಗೆ ಕಣ್ಣು ಚುರುಕು.”

ಆಮೇಲಿನ ಒಂದು ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಎಲ್ಲ ನಿಂತಿರುವುದು ಅದರ ಮೇಲೆ. ಆ ಕೋಣೆಯ ಪ್ಲಗ್ಗಿಗೆ ಮೂರು ತೂತುಗಳಿದ್ದವು. ಬಿಚ್ಚಿ ನೋಡಿದರೆ ಮೂರನೆಯದರ ಹಿಂದೆ ವೈರೇ ಇರಲಿಲ್ಲ. ಮೂರನೆಯದು ಅರ್ಥಿಂಗಿನದು. ಯಂತ್ರದ ಒಳಗೆ ಎಲ್ಲೋ ಒಂದು ವೈರಿನ ಸಿಪ್ಪೆ ಸುಲಿದು ಕರೆಂಟು ಅದರ ಲೋಹದ ಮೈಗೆ ತಾಗಿದರೆ, ಅದು ನೆಲಕ್ಕೆ ಇಳಿದುಹೋಗುವ ದಾರಿ ಅದು. ಇಳಿಯುವ ರಭಸಕ್ಕೆ ಫ್ಯೂಸ್ ಹಾರಿ ಎಲ್ಲ ಆರಿಹೋಗುತ್ತದೆ. ದಾರಿ ಇಲ್ಲದಿದ್ದರೆ ಫ್ಯೂಸ್ ಹಾರುವುದಿಲ್ಲ, ದೀಪಗಳು ಉರಿಯುತ್ತವೆ, ಯಂತ್ರ ಮೈತುಂಬ ಕರೆಂಟು ಹೊತ್ತು ಸುಮ್ಮನೆ ಕೆಲಸ ಮಾಡುತ್ತಿರುತ್ತದೆ. ಯಾರಾದರೂ ಮುಟ್ಟುವ ತನಕ.

ಗೋಡೆ ಒಡೆದು ಹೊಸ ವೈರು ಎಳೆಯುವ ಬದಲು ನಾನು ಬೇರೆ ಉಪಾಯ ಮಾಡಿದೆ. ಯಂತ್ರಗಳ ಲೋಹದ ಮೈ ಸ್ಕ್ರೂಗಳ ಮೂಲಕ ರ‍್ಯಾಕಿಗೆ ತಾಗಿರುತ್ತದೆ. ರ‍್ಯಾಕಿನಿಂದ ಒಂದು ದಪ್ಪ ಹಸಿರು ವೈರನ್ನು ಅಂಗಳದಲ್ಲಿ ಹೂತಿದ್ದ ಅರ್ಥಿಂಗ್ ಪೈಪಿಗೆ ಕಟ್ಟಿದರೆ ಎಲ್ಲಕ್ಕೂ ಒಂದೇ ದಾರಿಯಾಯಿತು. ಎಡಗಾಲಿನ ಬುಡದಲ್ಲಿ ಒಂದು ಬೋಲ್ಟು, ಒಂದು ವಾಷರ್, ಅದರ ಕೆಳಗೆ ವೈರು. ಜೋಡಿಸಿ ಬಿಗಿ ಮಾಡಿ, ಯುಪಿಎಸ್ಸನ್ನು ಅದರ ಜಾಗದಲ್ಲಿ ಕೂರಿಸಿ, ಅದರ ಮೈಯಿಂದ ಪೈಪಿನವರೆಗೆ ಮೀಟರಿನಲ್ಲಿ ಅಳೆದೆ. ಸೊನ್ನೆ ಪಾಯಿಂಟ್ ಐದು ಓಮ್. ಅದರಲ್ಲಿ ಮೀಟರಿನ ವೈರುಗಳದ್ದೇ ಸೊನ್ನೆ ಪಾಯಿಂಟ್ ಎರಡು. ಕಳೆದು, 0.3 ಎಂದು ಪುಸ್ತಕದಲ್ಲಿ ಬರೆದುಕೊಂಡೆ. ದಾರಿ ಸಲೀಸಾಗಿತ್ತು.

“ಬರ್ಕೊಂಡ ನೋಡು. ಇನ್ನು ಮಕ್ಕಳಾದ್ರೆ ಅದನ್ನೂ ಹೀಗೇ ಬರ್ಕೊಳ್ತಾನೋ ಏನೋ,” ಎಂದರು ಭಾವ ಅಕ್ಕನಿಗೆ.

“ಮೊದ್ಲು ಒಬ್ಬಳು ಸಿಗಲಿ ಇವನಿಗೆ. ಅವಳನ್ನ ಸ್ಕೇಲ್ ಹಿಡಿದು ನೋಡಿದ್ರೆ ಓಡಿಹೋಗ್ತಾಳೆ,” ಎಂದಳು ಅಕ್ಕ.

ಮಾರನೆಯ ದಿನದಿಂದ ಕಾಲೇಜಿನಲ್ಲಿ ಪ್ರಾಯೋಗಿಕ ಪರೀಕ್ಷೆ. ನಾಲ್ಕು ದಿನ ನಾನು ಅಕ್ಕನ ಮನೆಯ ಕಡೆ ತಲೆ ಹಾಕಲಿಲ್ಲ. ಅಪ್ಪ ಬೆಳಿಗ್ಗೆ ಎದ್ದು ಎಲ್ಲಿಗೋ ಹೋಗಿ ಸಂಜೆ ಬರುತ್ತಿದ್ದ. ಕೇಳಿದರೆ “ಕಾಲಾಡಿಸ್ಕೊಂಡು ಬಂದೆ” ಎನ್ನುತ್ತಿದ್ದ. ಬಟ್ಟೆಯಿಂದ ತೆಳುವಾದ ವಾಸನೆ ಬರುತ್ತಿತ್ತು. ನನಗೆ ಗೊತ್ತಾಗಲಿಲ್ಲವೆಂದಲ್ಲ, ಗೊತ್ತುಮಾಡಿಕೊಳ್ಳುವ ಪುರುಸೊತ್ತಿರಲಿಲ್ಲ.

ಐದನೆಯ ದಿನ ಹೋದಾಗ ರ‍್ಯಾಕ್ ಕೋಣೆಯಲ್ಲಿ ನಿಂತಿತ್ತು, ಕಡುನೀಲಿ. ಬರೀ ನೀಲಿ ಎಂದರೆ ಸಾಲದು. ಅಪ್ಪ ಪೂರ್ತಿ ಬಿಚ್ಚಿ, ಒಂದೊಂದು ಪಟ್ಟಿಯನ್ನೂ ಉಪ್ಪುಕಾಗದದಿಂದ ಉಜ್ಜಿ, ಮೊದಲು ಕೆಂಪು ಪ್ರೈಮರ್ ಹೊಡೆದು, ಒಣಗಿಸಿ, ಮತ್ತೆ ಉಜ್ಜಿ, ಮೇಲೆ ಎರಡು ಕೋಟ್ ಎನಾಮೆಲ್ ಹೊಡೆದಿದ್ದ. ಬ್ರಷ್ಷಿನ ಒಂದು ಗೆರೆಯೂ ಕಾಣುತ್ತಿರಲಿಲ್ಲ. ಕಾರ್ಖಾನೆಯಲ್ಲಿ ಅವನಿಗೆ ಹೆಸರಿದ್ದದ್ದೇ ಇದಕ್ಕೆ: ಬಿಡಿಬಿಡಿಯಾಗಿ ಬಣ್ಣ ಹೊಡೆದು ಆಮೇಲೆ ಜೋಡಿಸುವುದು. ಜೋಡಿಸಿದ ಮೇಲೆ ಹೊಡೆದರೆ ಸಂದಿಗೆ ಬಣ್ಣ ಹೋಗುವುದಿಲ್ಲ, ತುಕ್ಕು ಹುಟ್ಟುವುದು ಅಲ್ಲೇ. ಅವನು ಬಣ್ಣ ಹೊಡೆದ ಬಸ್ಸುಗಳು ಹದಿನೈದು ವರ್ಷವಾದರೂ ಸಂದಿಗಳಲ್ಲಿ ಕೊಳೆಯುತ್ತಿರಲಿಲ್ಲವಂತೆ.

“ಮಾವ, ಇದರಲ್ಲಿ ಮುಖ ನೋಡ್ಕೊಂಡು ಶೇವ್ ಮಾಡ್ಕೋಬೋದು,” ಎನ್ನುತ್ತ ಭಾವ ಗಲ್ಲ ಸವರಿಕೊಂಡು ತೋರಿಸಿದರು.

“ಹೇಗಿದೆ ಮೇಷ್ಟ್ರೇ?” ಅಪ್ಪ ನನ್ನನ್ನೇ ನೋಡುತ್ತಿದ್ದ. ಉಸಿರು ಸಣ್ಣಗೆ ಸಿಳ್ಳೆ ಹೊಡೆಯುತ್ತಿತ್ತು. ಮುಖ ಮಾತ್ರ ನಾಲ್ಕು ವರ್ಷದಲ್ಲಿ ನಾನು ಕಾಣದ ಮುಖ.

ಹಸಿರು ವೈರು ಅದರ ಜಾಗದಲ್ಲೇ ಇತ್ತು. ಬೋಲ್ಟು ಬಿಗಿಯಾಗಿತ್ತು. ಮೀಟರು ನನ್ನ ಚೀಲದಲ್ಲೇ ಇತ್ತು. ಅಪ್ಪನ ಮನಸ್ಸು ನೋಯಬಾರದೆಂದು ಅಳೆಯಲಿಲ್ಲ ಎಂದು ಹೇಳಿಕೊಂಡರೆ ಕೇಳಲು ಚೆನ್ನಾಗಿರುತ್ತದೆ. ನಿಜವೆಂದರೆ ಅದು ನನಗೆ ಹೊಳೆಯಲೇ ಇಲ್ಲ. ಒಮ್ಮೆ ಅಳೆದು ಬರೆದಾಗಿತ್ತು. ಬರೆದ ಮೇಲೆ ಆ ಅಂಕಿ ನನ್ನ ಮಟ್ಟಿಗೆ ರ‍್ಯಾಕಿನಷ್ಟೇ ಗಟ್ಟಿಯಾದ ವಸ್ತುವಾಗಿಬಿಟ್ಟಿತ್ತು.

“ಚೆನ್ನಾಗಿದೆಯಪ್ಪಾ,” ಎಂದೆ.

ಎಂಟು ತಿಂಗಳು ಅದು ಹಾಗೇ ನಿಂತಿತ್ತು.

ಒಂದು ಬೆಳಿಗ್ಗೆ, ಹತ್ತು ಗಂಟೆಯ ಹೊತ್ತಿಗೆ, ಪಕ್ಕದ ಮನೆಯಾಕೆ ಫೋನ್ ಮಾಡಿ ನೆಟ್ ಬರುತ್ತಿಲ್ಲ ಎಂದಳು. ಭಾವ ಆಗಷ್ಟೇ ಮುಖ ತೊಳೆದು ಬಂದಿದ್ದರು. ಬರಿಗಾಲಲ್ಲಿ ಕೋಣೆಗೆ ಹೋಗಿ ಯುಪಿಎಸ್ಸನ್ನು ಆರಿಸಿ ಮತ್ತೆ ಹಾಕಲು ಬಗ್ಗಿ ಅದರ ಹಿಡಿಕೆಗೆ ಕೈ ಊರಿದರು. ಅಕ್ಕ ಅಡುಗೆಮನೆಯಲ್ಲಿದ್ದಳು. ಸದ್ದೇನೂ ಕೇಳಲಿಲ್ಲ. ಐದು ನಿಮಿಷದ ಮೇಲೆ “ಚಹಾ ಆರಿಹೋಯ್ತು” ಎಂದು ಕೂಗಿದಳು. ಎರಡನೆಯ ಸಲ ಕೂಗಿ, ಬಯ್ದುಕೊಳ್ಳುತ್ತ ನೋಡಲು ಹೋದಳು. ದೀಪಗಳೆಲ್ಲ ಉರಿಯುತ್ತಿದ್ದವು. ಕರೆಂಟು ಹೊಡೆದವರನ್ನು ಮುಟ್ಟಬೇಡ ಎಂದು ಅವಳಿಗೆ ಹೇಳಿದ್ದು ಭಾವನೇ, ಯಾವತ್ತೋ, ಬೇರೆ ಯಾವುದೋ ಮಾತಿಗೆ. ಅದು ನೆನಪಾಗಿ ಮೊದಲು ಮೇನ್ ಆರಿಸಿದಳು. ಅಷ್ಟರಿಂದ ಅವಳು ಉಳಿದಳು.

ಭಾವ ಹೋದ ಆರನೆಯ ದಿನ ವಿದ್ಯುತ್ ಇಲಾಖೆಯ ಇನ್ಸ್‌ಪೆಕ್ಟರ್ ಬಂದು ನೋಡುವುದಿತ್ತು. ಅದರ ಹಿಂದಿನ ಮಧ್ಯಾಹ್ನ ನಾನು ಮೀಟರು ಹಿಡಿದು ಆ ಕೋಣೆಗೆ ಹೋದೆ. ಕರೆಂಟು ಪೂರ್ತಿ ಕಡಿದಿದ್ದರು. ಕಿಟಕಿಯ ಬೆಳಕಷ್ಟೇ. ಯುಪಿಎಸ್ಸಿನ ಮೈಗೆ ಮೀಟರಿನ ವೈರಿನ ಒಂದು ಮುಳ್ಳು, ಹಸಿರು ವೈರಿನ ತುದಿಗೆ ಇನ್ನೊಂದು ಮುಳ್ಳು ಹಿಡಿದೆ. ಅಂಕಿ ಓಡಲಿಲ್ಲ. ಪರದೆಯ ಎಡತುದಿಯಲ್ಲಿ ಒಂದೇ ಒಂದು 1 ನಿಂತಿತ್ತು. ನಮ್ಮ ಲ್ಯಾಬಿನ ಈ ಮೀಟರುಗಳಲ್ಲಿ ಅದರ ಅರ್ಥ ಒಂದು ಎಂದಲ್ಲ. ಅಳೆಯಲು ಆಗದಷ್ಟು ಹೆಚ್ಚು, ದಾರಿಯೇ ಇಲ್ಲ ಎಂದು. ಮುಳ್ಳುಗಳನ್ನು ಒರೆಸಿ ಮತ್ತೆ ಹಿಡಿದೆ. ಮೂರು ಕಡೆ ಬದಲಿಸಿ ಹಿಡಿದೆ. ಅದೇ.

ಸ್ಪ್ಯಾನರಿನಿಂದ ಎಡಗಾಲಿನ ಬೋಲ್ಟು ಬಿಚ್ಚಿದೆ. ವಾಷರ್ ಮೇಲೆ ನೀಲಿ. ವಾಷರ್ ಕೆಳಗೆ ನೀಲಿ. ಪಟ್ಟಿಯ ತೂತಿನ ಒಳಗೋಡೆಗೂ ಸಣ್ಣ ಬ್ರಷ್ಷಿನಿಂದ ಹೊಡೆದಿದ್ದ. ಯುಪಿಎಸ್ಸಿನ ಸ್ಕ್ರೂಗಳ ಹಿಂದೆಯೂ ಹಾಗೆಯೇ. ಒಂದು ಬಸ್ಸಿಗೆ ಇದಕ್ಕಿಂತ ಒಳ್ಳೆಯ ಕೆಲಸ ಸಿಗಲಾರದು. ಎನಾಮೆಲ್ಲಿನ ಹೊಳೆಯುವ ಪದರ ವೈರನ್ನೂ ಕಬ್ಬಿಣವನ್ನೂ ಒಂದಕ್ಕೊಂದು ತಾಗದಂತೆ ಎಂಟು ತಿಂಗಳು ಕಾದಿತ್ತು.

ನನ್ನ ಚೀಲದಲ್ಲಿ ಅರ ಇತ್ತು. ನಾಲ್ಕು ಸಲ ಉಜ್ಜಿದರೆ ಕಬ್ಬಿಣ ಕಾಣುತ್ತಿತ್ತು. ಬೋಲ್ಟು ತಿರುಗಿ ಬಿಗಿದರೆ ಮೀಟರು ಮತ್ತೆ 0.3 ತೋರಿಸುತ್ತಿತ್ತು. ಇನ್ಸ್‌ಪೆಕ್ಟರ್ ‘ಒದ್ದೆ ಕೈ, ಅಜಾಗರೂಕತೆ’ ಎಂದು ಬರೆದು ಹೋಗುತ್ತಿದ್ದ. ಅರವನ್ನು ಕೈಗೆ ತೆಗೆದುಕೊಂಡೆ ಕೂಡ.

“ನಂಬರ್ ಎಷ್ಟು ಬಂತು?”

ಅಪ್ಪ ಬಾಗಿಲಲ್ಲಿ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ.

“ಸರಿಯಾಗೇ ಇದೆಯಪ್ಪಾ.”

“ರ‍್ಯಾಕು?”

“ರ‍್ಯಾಕ್ ಸರಿಯಾಗಿದೆ. ಅದರದ್ದೇನೂ ಇಲ್ಲ.”

ಅವನು ಬಾಗಿಲ ಚೌಕಟ್ಟಿಗೆ ಒರಗಿ ಉಸಿರು ಬಿಟ್ಟ. ಐದು ದಿನದಿಂದ ಹಿಡಿದಿಟ್ಟುಕೊಂಡಿದ್ದ ಉಸಿರು ಅದು. ನನಗೂ ಒಂದು ಕ್ಷಣ ನನ್ನ ಮಾತೇ ನಿಜ ಅನ್ನಿಸಿತು.

ಅವನ ಹಿಂದಿನಿಂದ ಅಕ್ಕ ಕೇಳಿದಳು. “ಸರಿಯಾಗಿದ್ಯಾ?”

“ಹೂಂ ಅಕ್ಕ.”

“ಹಾಗಾದ್ರೆ ನಾನೇ.”

“ಏನು ನೀನೇ?”

“ನೆಲ ಒರೆಸಿದ್ದು.” ಅವಳ ದನಿಯಲ್ಲಿ ಏರಿಳಿತವೇ ಇರಲಿಲ್ಲ. “ಬೆಳಿಗ್ಗೆ ಒಂಬತ್ತೂವರೆಗೆ ಒರೆಸಿದೆ. ಆ ಕೋಣೆ ಯಾವತ್ತೂ ಸೋಮವಾರ ಒರೆಸೋದು. ಅವತ್ತು ಸೋಮವಾರ ಅಲ್ಲ. ಸುಮ್ನೆ, ಬಕೆಟ್ಟಲ್ಲಿ ನೀರು ಉಳೀತಲ್ಲ ಅಂತ ಒರೆಸಿದೆ. ಒಣಗೋಕೆ ಮುಂಚೆ ಅವರು ಹೋದ್ರು. ಒದ್ದೆ ನೆಲ ಅಂತ ಕೂಗಿ ಹೇಳ್ಬೇಕು ಅಂದ್ಕೊಂಡೆ ಕಣೋ. ಒಲೆ ಮೇಲೆ ಹಾಲಿತ್ತು. ಹೇಳ್ಲಿಲ್ಲ.”

ಐದು ದಿನ ಅವಳು ಯಾರಿಗೂ ಈ ಮಾತು ಹೇಳಿರಲಿಲ್ಲ. ನನ್ನ ‘ಸರಿಯಾಗಿದೆ’ಗೋಸ್ಕರ ಕಾದಿದ್ದಳು. ಅದು ಬಂದ ಕೂಡಲೇ ಎಲ್ಲವನ್ನೂ ತನ್ನ ತಲೆಗೆ ಎಳೆದುಕೊಂಡಳು.

ಅಪ್ಪನಿಂದ ಭಾರ ಇಳಿಸಿದೆ ಎಂದುಕೊಂಡಿದ್ದೆ. ಇಳಿಸಿರಲಿಲ್ಲ, ಅವಳ ಮೇಲೆ ಹೊರಿಸಿದ್ದೆ. ಅವಳಿಗೆ ಇನ್ನೂ ಮೂವತ್ತೆಂಟು.

“ಅಕ್ಕ, ನಾನು ಸುಳ್ಳು ಹೇಳ್ದೆ,” ಎಂದೆ. “ರ‍್ಯಾಕ್ ಸರಿಯಿಲ್ಲ.”

ವಾಷರನ್ನು ಅಂಗೈಯಲ್ಲಿಟ್ಟು ತೋರಿಸಿದೆ. ಹೇಳಬೇಕಾದದ್ದು ಸ್ವಲ್ಪವೇ ಇತ್ತು. ಬಣ್ಣದ ಮೂಲಕ ಕರೆಂಟು ಹಾಯುವುದಿಲ್ಲ. ಯುಪಿಎಸ್ ಒಳಗೆ ಯಾವಾಗಲೋ ವೈರು ಸುಲಿದಿದೆ. ಅದರ ಮೈಗೆ ಬಂದ ಕರೆಂಟು ಇಳಿಯಲು ದಾರಿ ಹುಡುಕುತ್ತ ಕಾದಿತ್ತು. ಬಣ್ಣ ಹೊಡೆಯುವ ಮೊದಲು ನಾನು ಅಳೆದಿದ್ದೆ. ಹೊಡೆದ ಮೇಲೆ ಅಳೆಯಲಿಲ್ಲ. “ಅಳೆದಿದ್ರೆ ಎರಡು ನಿಮಿಷದ ಕೆಲಸ. ಬಣ್ಣ ಕೆರೆದು ಮತ್ತೆ ಬಿಗಿದಿದ್ರೆ ಆಗಿತ್ತು. ಅಪ್ಪನಿಗೆ ಕರೆಂಟಿನ ವಿಷಯ ಏನು ಗೊತ್ತು? ನನಗೆ ಗೊತ್ತಿತ್ತು. ತಪ್ಪು ನಂದು.”

ಅಪ್ಪ ಕೈ ಚಾಚಿದ. ವಾಷರ್ ಕೊಟ್ಟೆ. ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ತಿರುಗಿಸಿ, ಹೆಬ್ಬೆರಳಿನ ಉಗುರಿನಿಂದ ಅಂಚನ್ನು ಕೆದಕಿದ. ಬಣ್ಣ ಏಳಲಿಲ್ಲ.

“ಪ್ರೈಮರ್ ಚೆನ್ನಾಗಿ ಹಿಡಿದಿದೆ,” ಎಂದ.

ಆಮೇಲೆ ಗೋಡೆ ಹಿಡಿದುಕೊಂಡು ನಿಧಾನವಾಗಿ ನೆಲದ ಮೇಲೆ ಕೂತ. “ಅಳಿಯಂದಿರು ಹೇಳಿದ್ರು. ‘ಈ ಬೋಲ್ಟು ಬಿಡಿ ಮಾವ, ಮಿಲಿಮೀಟರ್ ಕಟ್ಟಿದ್ದು, ಏನಾದ್ರೂ ಅಂತಾನೆ’ ಅಂದ್ರು. ಒಂದು ಬೋಲ್ಟು ಬಿಟ್ರೆ ತುಕ್ಕು ಅಲ್ಲಿಂದಲೇ ಶುರು ಅಂತ ನಾನು ಬಿಡ್ಲಿಲ್ಲ. ಮಧ್ಯಾಹ್ನ ಅವರು ಮಲಗಿದಾಗ ಹೊಡೆದೆ.”

ಅದು ನನಗೆ ಗೊತ್ತಿರಲಿಲ್ಲ. ಯಾರಿಗೂ ಗೊತ್ತಾಗಬೇಕಾಗಿಯೂ ಇರಲಿಲ್ಲ.

ಅಕ್ಕ ಅಪ್ಪನನ್ನು ಬಹಳ ಹೊತ್ತು ನೋಡಿದಳು. ನಂತರ ನನ್ನ ಕಡೆ ತಿರುಗಿದಳು. “ಇದು ಹಾಗಿರಲಿ. ನೆಲದ್ದು ಹೇಳು. ನೆಲ ಒಣಗಿದ್ದಿದ್ರೆ ಅವರು ಉಳೀತಿದ್ರಾ?”

ಸರಣಿಯಲ್ಲಿ ಜೋಡಿಸಿದ ವಿದ್ಯುತ್ ಮಂಡಲದಲ್ಲಿ ಯಾವ ಒಂದು ಕೊಂಡಿ ಕಳಚಿದರೂ ಕರೆಂಟು ನಿಲ್ಲುತ್ತದೆ. ಪ್ರತಿ ವರ್ಷ ಮೊದಲ ತರಗತಿಯಲ್ಲಿ ನಾನು ಹೇಳುವ ಪಾಠ ಅದು. ಸುಲಿದ ವೈರು, ಬಣ್ಣ, ಒದ್ದೆ ಕೈ, ಒದ್ದೆ ನೆಲ, ಬರಿಗಾಲು. ಒಣಗಿದ ನೆಲದ ಮೇಲೆ ಒಣಗಿದ ಪಾದವಿದ್ದರೆ ತಡೆ ಹತ್ತಾರು ಪಟ್ಟು ಹೆಚ್ಚು. ಝುಮ್ಮೆಂದು ಕೈ ಕಿತ್ತುಕೊಂಡು, ನನಗೆ ಫೋನ್ ಮಾಡಿ, “ನಿನ್ನ ರ‍್ಯಾಕ್ ಕಚ್ಚುತ್ತೆ ಕಣೋ ಮಿಲಿಮೀಟರ್” ಎಂದು ಬಯ್ಯುತ್ತಿದ್ದರೇನೋ. ಬಹುಶಃ. ಹೆಚ್ಚುಕಡಿಮೆ ಖಂಡಿತ.

“ಇಲ್ಲ,” ಎಂದೆ. “ಒಣಗಿದ್ರೂ ಅಷ್ಟೇ ಆಗ್ತಿತ್ತು.”

“ಅಂದಾಜಿಗೆ ಹೇಳ್ತಿದ್ದೀಯಾ, ಅಳೆದು ಹೇಳ್ತಿದ್ದೀಯಾ?”

“ಅಳೆದು.”

“ಯಾವಾಗ ಅಳೆದೆ?”

“ಈಗ. ನೀವು ಬರೋಕೆ ಮುಂಚೆ. ಈ ನೆಲಕ್ಕೆ ಒದ್ದೆಗೂ ಒಣಗಿದ್ದಕ್ಕೂ ಏನೂ ವ್ಯತ್ಯಾಸ ಇಲ್ಲ.”

ಅವಳು ನನ್ನ ಕೈಯಲ್ಲಿದ್ದ ಮೀಟರನ್ನು ನೋಡಿದಳು. ನಂಬಿದಳೋ, ನಂಬಬೇಕೆಂದು ತೀರ್ಮಾನಿಸಿದಳೋ ಹೇಳಲಾರೆ. ಸೆರಗಿನಿಂದ ಮುಖವನ್ನು ಒಮ್ಮೆ ಒತ್ತಿಕೊಂಡಳು.

“ಅಪ್ಪಾ,” ಎಂದಳು, “ನಾಳೆ ಆ ಇನ್ಸ್‌ಪೆಕ್ಟರಿಗೆ ಏನು ಹೇಳ್ಬೇಕೋ ಹೇಳಿ ಹೋಗು. ಆಮೇಲೆ ಸ್ವಲ್ಪ ದಿನ ಈ ಕಡೆ ಬರ್ಬೇಡ. ಎಷ್ಟು ದಿನ ಅಂತ ನನ್ನ ಕೇಳ್ಬೇಡ, ನನಗೂ ಗೊತ್ತಿಲ್ಲ.” ನನ್ನ ಕಡೆ ನೋಡದೆಯೇ ಸೇರಿಸಿದಳು, “ನೀನೂ ಅಷ್ಟೇ.”

ಅಪ್ಪ ತಲೆಯಾಡಿಸಿದ. ಏಳಲು ಅವನಿಗೆ ಆಗಲಿಲ್ಲ. ಅಕ್ಕ ಅಲ್ಲೇ ನಿಂತಿದ್ದಳು, ಕೈ ಕೊಡಲಿಲ್ಲ. ನಾನು ಕಂಕುಳಲ್ಲಿ ಕೈ ಹಾಕಿ ಎಬ್ಬಿಸಿದೆ. ಅವನು ವಾಷರನ್ನು ಯುಪಿಎಸ್ಸಿನ ಮೇಲೆ ಇಟ್ಟ, ಇನ್ಸ್‌ಪೆಕ್ಟರಿಗೆ ಕಾಣುವ ಹಾಗೆ.

ಮನೆಗೆ ಹತ್ತು ನಿಮಿಷದ ದಾರಿ. ಅಪ್ಪನ ಜೊತೆ ಇಪ್ಪತ್ತೈದು. ಬ್ಯಾಂಕಿನ ಮುಂದಿನ ಕಟ್ಟೆಯ ಬಳಿ ಅವನು ನನ್ನ ಭುಜ ಹಿಡಿದು ನಿಂತ. ಸಂಜೆಯ ಬಸ್ಸುಗಳು ಒಂದರ ಹಿಂದೊಂದು ಹೋಗುತ್ತಿದ್ದವು. ಅವನು ಅವುಗಳ ಕಡೆ ನೋಡಲಿಲ್ಲ.

“ನೆಲದ ವಿಷಯ ಅವಳಿಗೆ ಸುಳ್ಳು ಹೇಳ್ದೆ ಅಲ್ವಾ?”

“ಹೂಂ.”

“ಒಳ್ಳೇದು ಮಾಡ್ದೆ.” ಉಸಿರಿಗಾಗಿ ಸ್ವಲ್ಪ ಕಾದ. “ನೀನು ನನಗೂ ಒಂದು ಸುಳ್ಳು ಹೇಳಿದ್ದೆ. ಎರಡು ನಿಮಿಷ ನಂಬಿಬಿಟ್ಟಿದ್ದೆ ನೋಡು.”

ಅವನ ಕೈ ಭುಜದ ಮೇಲೆ ಇನ್ನೂ ಬಿಗಿಯಾಯಿತು. ಸಿಳ್ಳೆ ಸ್ವಲ್ಪ ಇಳಿದ ಮೇಲೆ, “ನಡಿ,” ಎಂದ. ನಾವು ರಸ್ತೆ ದಾಟಿದೆವು.